ಶಿಫ್ಟ್ ನಿಮ್ಮದು, ಸರದಿ ಯಾರದು?

ಪುಣೆಯ ಹಿಂಜವಡಿಯಲ್ಲೋ ಖರಾಡಿಯಲ್ಲೋ ಕಾಲ್‌ಸೆಂಟರ್ ನೌಕರಿಗಿರುವ ನಮ್ಮ ಕಡೆಯ ಹುಡುಗ ಹುಡುಗಿಯರನ್ನು ಮಾತಿಗೆಳೆದು ನೋಡಿ. ಸಂಬಳದ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ, ವೀಕಾಫ್ ಮಾತು ಮುಗಿಯುವುದೇ ಇಲ್ಲ. ವಾರಕ್ಕೆ ಎರಡು ದಿನ ರಜೆ ಇದೆ, ಸರಿ. ಯಾವ ಎರಡು ದಿನ? ಮಂಗಳವಾರ ಒಂದು, ಶುಕ್ರವಾರ ಒಂದು ಎಂದು ಒಡೆದು ಕೊಟ್ಟರೆ ಅದು ಬಟ್ಟೆ ಒಗೆದು ಮಲಗುವುದಕ್ಕೇ ಸರಿಹೋಯಿತು. ಎರಡೂ ಕೂಡಿ ಬಂದರೆ ರಾತ್ರಿ ಸ್ಲೀಪರ್ ಬಸ್ ಹತ್ತಿ ಬೆಳಗಾವಿಯನ್ನೋ ಧಾರವಾಡವನ್ನೋ ಮುಟ್ಟಿ, ಅವ್ವನ ಕೈಯ ಊಟ ಉಂಡು ಬರಬಹುದು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ಓಡುವುದು ವಾರಕ್ಕೆ ಮೂರು ದಿನ. ಅದಕ್ಕೂ ವೀಕಾಫ್‌ಗೂ ತಾಳೆ ಬೀಳಬೇಕಾದರೆ ಅದೃಷ್ಟ ಬೇಕು.

ಈ ಅದೃಷ್ಟ ಹಿಂದೆ ಟೀಮ್ ಲೀಡರ್ ಹತ್ತಿರದ ಎಕ್ಸೆಲ್ ಹಾಳೆಯಲ್ಲಿರುತ್ತಿತ್ತು. ಟಿಎಲ್ ಮನಸ್ಸು ನೆಟ್ಟಗಿದ್ದರೆ ಶನಿವಾರ–ಭಾನುವಾರ, ಇಲ್ಲದಿದ್ದರೆ ಬುಧವಾರ. ಈಗ ಅನೇಕ ಕಡೆ ಆ ಹಾಳೆಯ ಜಾಗಕ್ಕೆ ಸಾಫ್ಟ್‌ವೇರ್ ಬಂದಿದೆ. ಮುಂದಿನ ತಿಂಗಳ ಶಿಫ್ಟ್‌ಗಳ ಪಟ್ಟಿ ಫೋನಿಗೇ ಬರುತ್ತದೆ, ಬೇಕಾದದ್ದನ್ನು ನೌಕರರೇ ಆರಿಸಿಕೊಳ್ಳಬೇಕು. ಕಚೇರಿಯ ಮಾತಿನಲ್ಲಿ ಇದು ಶಿಫ್ಟ್ ಬಿಡ್ಡಿಂಗ್. ಪುಣೆಗೂ ಈ ಸಾಫ್ಟ್‌ವೇರಿಗೂ ನಂಟು ಇನ್ನೊಂದು ಬಗೆಯದೂ ಇದೆ. ಕಾಲ್‌ಸೆಂಟರ್ ರೋಸ್ಟರ್‌ಗಳಿಗೆ ಹೆಸರಾಗಿದ್ದ ಐಇಎಕ್ಸ್ ಕಂಪನಿಯನ್ನು 2006ರಲ್ಲಿ ಕೊಂಡುಕೊಂಡದ್ದು ಇಸ್ರೇಲ್ ಮೂಲದ ನೈಸ್ ಸಂಸ್ಥೆ. ಆ ಸಂಸ್ಥೆಯ ದೊಡ್ಡ ತಂತ್ರಜ್ಞಾನ ಕೇಂದ್ರ ಇರುವುದು ಪುಣೆಯಲ್ಲಿ. ಪಾಳಿ ಹಂಚುವ ಯಂತ್ರಗಳನ್ನು ಕಟ್ಟುವ ಕಂಪನಿಯೂ, ಅಂಥ ಯಂತ್ರದ ಮುಂದೆ ಭಾನುವಾರಕ್ಕಾಗಿ ಬೆರಳು ಹಿಡಿದು ಕೂತವರೂ ಒಂದೇ ಊರಿನಲ್ಲಿದ್ದಾರೆ.

ನಿಮ್ಮ ಶಿಫ್ಟ್ ನೀವೇ ಆರಿಸಿ ಎಂಬುದು ಕೇಳಲು ಹಿತವಾದ ಮಾತು. ಆದರೆ ಬಟನ್ ಒತ್ತುವ ಹೊತ್ತಿಗೆ ಎರಡು ತೀರ್ಮಾನ ಆಗಿಹೋಗಿರುತ್ತವೆ. ಪಟ್ಟಿಯಲ್ಲಿ ಯಾವ ತರಹದ ಶಿಫ್ಟ್ ಎಷ್ಟಿರಬೇಕು ಎನ್ನುವುದು ಒಂದು. ಆರಿಸುವ ಸರದಿ ಯಾರಿಗೆ ಮೊದಲು ಎನ್ನುವುದು ಇನ್ನೊಂದು. ಈ ಎರಡರಲ್ಲೂ ನೌಕರನನ್ನು ಯಾರೂ ಕೇಳಿರುವುದಿಲ್ಲ.

ಪಟ್ಟಿ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಅದರ ಬುನಾದಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1909 ಮತ್ತು 1917ರಲ್ಲಿ ಪ್ರಕಟಿಸಿದ ಬರಹಗಳಲ್ಲಿದೆ. ಕರೆಗಳು ಹೇಳಿ ಕೇಳಿ ಬರುವುದಿಲ್ಲ. ಒಮ್ಮೆ ಗುಂಪಾಗಿ ನುಗ್ಗುತ್ತವೆ, ಇನ್ನೊಮ್ಮೆ ಐದು ನಿಮಿಷ ಸದ್ದೇ ಇರುವುದಿಲ್ಲ. ಅರ್ಧ ಗಂಟೆಗೆ 100 ಕರೆ ಬರುತ್ತವೆ, ಒಂದೊಂದು ಕರೆ ಮುಗಿಸಲು 3 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಒಟ್ಟು 300 ನಿಮಿಷದ ಮಾತು. ಅರ್ಧ ಗಂಟೆಯಲ್ಲಿ ಒಬ್ಬರ ಕೈಯಲ್ಲಿರುವುದು 30 ನಿಮಿಷ. ಹಾಗಾದರೆ 10 ಮಂದಿ ಸಾಕಲ್ಲ ಎನ್ನುತ್ತದೆ ಶಾಲೆಯ ಲೆಕ್ಕ. ಸಾಲುವುದಿಲ್ಲ. ಹತ್ತೇ ಮಂದಿ ಕೂತರೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ, ಏಕೆಂದರೆ ಸದ್ದಿಲ್ಲದ ಆ ಐದು ನಿಮಿಷವನ್ನು ಕೂಡಿಟ್ಟು ಆಮೇಲೆ ಖರ್ಚು ಮಾಡಲು ಬರುವುದಿಲ್ಲ.

ಎರ್ಲಾಂಗ್ ಸೂತ್ರಕ್ಕೆ ಇದೇ ಅಂಕಿಗಳನ್ನು ಹಾಕಿದರೆ ಬರುವ ಉತ್ತರ ಕುತೂಹಲದ್ದು. 14 ಮಂದಿ ಕೂತಿದ್ದರೆ ಶೇ 89ರಷ್ಟು ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬಹುದು. 13 ಮಂದಿ ಇದ್ದರೆ ಅದು ಶೇ 80ರ ಆಸುಪಾಸು. 12ಕ್ಕೆ ಇಳಿದರೆ ಶೇ 64. 11 ಆದರೆ ಶೇ 39! ಹದಿನಾಲ್ಕರಲ್ಲಿ ಮೂವರು ಬರದಿದ್ದರೆ ಕೆಲಸ ಐದನೇ ಒಂದು ಭಾಗದಷ್ಟು ಕೆಡಬಹುದು ಎಂದು ನಾವು ಅಂದುಕೊಳ್ಳುತ್ತೇವೆ. ಕ್ಯೂವಿನ ಲೆಕ್ಕ ಹಾಗೆ ನಡೆಯುವುದಿಲ್ಲ, ಅದು ಅಂಚಿನವರೆಗೂ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ನೂರಕ್ಕೆ 80 ಕರೆ 20 ಸೆಕೆಂಡಿನೊಳಗೆ ಎಂಬುದು ಈ ಉದ್ಯಮದಲ್ಲಿ ಬಹಳ ಚಾಲ್ತಿಯಲ್ಲಿರುವ ಗುರಿ. ಒಬ್ಬರು ಜ್ವರ ಎಂದು ಮೆಸೇಜ್ ಹಾಕಿದರೆ ಟಿಎಲ್ ಮುಖ ಬಾಡುವುದು ಯಾಕೆ ಎಂಬುದಕ್ಕೆ ಇಷ್ಟು ಗಣಿತ ಸಾಕು. ಆತ ಕಟುಕನಾಗಿರಲೇಬೇಕೆಂದಿಲ್ಲ.

ಇದರ ಮೇಲೆ ಶ್ರಿಂಕೇಜ್ ಎಂಬುದೊಂದಿದೆ. ಊಟ, ಟೀ, ಟ್ರೇನಿಂಗ್, ಟೀಮ್ ಮೀಟಿಂಗ್, ರಜೆ ಎಂದು ಫೋನಿಗೆ ಸಿಗದೆ ಹೋಗುವ ಪಾಲು ಎಷ್ಟು ಎಂಬ ಲೆಕ್ಕ. ಅದು ಶೇ 30 ಎಂದು ಹಿಡಿದರೆ 14 ಕುರ್ಚಿ ತುಂಬಿರಲು 20 ಮಂದಿಯನ್ನು ರೋಸ್ಟರ್‌ಗೆ ಹಾಕಬೇಕು. ಹೀಗೆ ದಿನದ ಪ್ರತಿ ಅರ್ಧ ಗಂಟೆಗೂ ಲೆಕ್ಕ ಹಾಕಿ, ಅವನ್ನು ಒಂಬತ್ತು ಗಂಟೆಯ ತುಂಡುಗಳಾಗಿ ಜೋಡಿಸಿದಾಗ ಶಿಫ್ಟ್‌ಗಳ ಸಾಲುಗಳು ತಯಾರಾಗುತ್ತವೆ. ಅಮೆರಿಕದ ಗಿರಾಕಿಗಳಿದ್ದರಂತೂ ಮಾರ್ಚ್ ಮತ್ತು ನವೆಂಬರಿನಲ್ಲಿ ಇಡೀ ಪಟ್ಟಿ ಒಂದು ಗಂಟೆ ಆಚೀಚೆ ಸರಿಯುತ್ತದೆ. ನ್ಯೂಯಾರ್ಕಿನ ಬೆಳಿಗ್ಗೆ 9 ಎಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ 6.30, ಚಳಿಗಾಲದಲ್ಲಿ 7.30. ಅಲ್ಲಿಯವರು ಗಡಿಯಾರ ತಿರುಗಿಸಿದರೆ ಪುಣೆಯ ವಾಕಡದ ಪೇಯಿಂಗ್ ಗೆಸ್ಟ್ ಮನೆಯಲ್ಲಿ ಊಟದ ಹೊತ್ತು ಬದಲಾಗುತ್ತದೆ.

ಶನಿವಾರ–ಭಾನುವಾರ ರಜೆ ಇರುವ ಸಾಲುಗಳು ಎಷ್ಟು ಎಂಬುದು ತೀರ್ಮಾನವಾಗುವುದು ಈ ಹಂತದಲ್ಲಿ. ಕಂಪನಿ ಕೈಬಿಚ್ಚಿ ಜನ ಇಟ್ಟುಕೊಂಡಿದ್ದರೆ ಒಳ್ಳೆಯ ಸಾಲುಗಳು ಹೆಚ್ಚು, ಬಿಗಿಯಾಗಿ ಇಟ್ಟಿದ್ದರೆ ಕಡಿಮೆ. ಐವತ್ತು ಸಾಲುಗಳಲ್ಲಿ ಆರು ಮಾತ್ರ ಜನರಿಗೆ ಬೇಕಾದವು ಎಂದಾದರೆ ಆ ಆರನ್ನು ಎಷ್ಟು ಚೆಂದದ ಆ್ಯಪ್‌ನಲ್ಲಿ ಹಂಚಿದರೂ ನಲವತ್ನಾಲ್ಕು ಮಂದಿಗೆ ಬೇಡದ್ದೇ ಸಿಗುತ್ತದೆ. ಬದಲಾಗುವುದು ಒಂದೇ: ಮೊದಲು ಟಿಎಲ್ ಮೇಲೆ ಸಿಟ್ಟು ಬರುತ್ತಿತ್ತು, ಈಗ ತನ್ನ ಬೆರಳಿನ ಮೇಲೆ ಬರುತ್ತದೆ.

ಇನ್ನು ಸರದಿ. ಪುಣೆಯಲ್ಲಿ ಬಿಡ್ಡಿಂಗ್ ಮಾಡುವ ಕನ್ನಡದ ಮಕ್ಕಳಿಗೆ ಇದನ್ನು ಬೇರೆ ಯಾರೂ ಕಲಿಸಬೇಕಿಲ್ಲ, ಸಿಇಟಿ ಆಪ್ಷನ್ ಎಂಟ್ರಿ ಮಾಡಿ ಬಂದವರು ಅವರು. ಮೊದಲು ರ‍್ಯಾಂಕ್, ಆಮೇಲೆ ಇಷ್ಟದ ಪಟ್ಟಿ. ಮೊದಲ ರ‍್ಯಾಂಕಿನವರು ಕೇಳಿದ್ದು ಕೊಟ್ಟು, ಉಳಿದದ್ದರಲ್ಲಿ ಎರಡನೆಯವರು, ಹೀಗೆ ಕೊನೆಯವರೆಗೆ. ಈ ಪದ್ಧತಿಯ ಒಂದು ಗುಣವನ್ನು ಅರ್ಥಶಾಸ್ತ್ರಜ್ಞರು ಬಹಳ ಮೆಚ್ಚುತ್ತಾರೆ: ಇಲ್ಲಿ ಜಾಣತನ ಮಾಡಿ ಲಾಭವಿಲ್ಲ. ಮನಸ್ಸಿನಲ್ಲಿ ಯಾವುದು ಮೊದಲೋ ಅದನ್ನೇ ಮೊದಲು ಬರೆಯುವುದು ಎಲ್ಲರಿಗೂ ಒಳ್ಳೆಯದು. ಇಂಥ ಹಂಚಿಕೆಗಳ ಅಧ್ಯಯನಕ್ಕೆ 2012ರಲ್ಲಿ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲಿ ಅವರಿಗೆ ನೊಬೆಲ್ ಬಂದಿದೆ.

ಕೆಲವು ಕಡೆ ಇಷ್ಟು ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ. ಗುರುವಾರ ಸಂಜೆ ನಾಲ್ಕಕ್ಕೆ ವಿಂಡೊ ತೆರೆಯುತ್ತದೆ, ಮೊದಲು ಒತ್ತಿದವರಿಗೆ ಮೊದಲು. ನೋಡಲು ಸಮಾನ ಅವಕಾಶ. ನಾಲ್ಕು ಗಂಟೆಗೆ ಲೈನಿನಲ್ಲಿ ಸಿಟ್ಟಿಗೆದ್ದ ಗಿರಾಕಿಯನ್ನು ಸಮಾಧಾನ ಮಾಡುತ್ತ ಕೂತವಳಿಗೆ ಆ ಸಮಾನತೆ ಎಲ್ಲಿಂದ ಬರಬೇಕು? ಫೋನನ್ನು ಲಾಕರ್‌ನಲ್ಲಿಟ್ಟೇ ಫ್ಲೋರ್‌ಗೆ ಹೋಗಬೇಕೆಂಬ ನಿಯಮವಿರುವ ಕಚೇರಿಗಳಲ್ಲಂತೂ ಆ ಹೊತ್ತಿನ ಶಿಫ್ಟ್‌ನಲ್ಲಿದ್ದವರು ಸೋತೇ ಸೋಲುತ್ತಾರೆ. ಇದು ಹಂಚಿಕೆಗಳಲ್ಲೇ ಅತ್ಯಂತ ಸೋಮಾರಿ ಪದ್ಧತಿ ಎಂದು ನನ್ನ ಅಭಿಪ್ರಾಯ.

ರ‍್ಯಾಂಕ್ ಇಟ್ಟೇ ಹಂಚುವುದಾದರೆ ಆ ರ‍್ಯಾಂಕ್ ಬರುವುದೆಲ್ಲಿಂದ? ಹಳೆಯ ಉತ್ತರ ಸೇವಾ ಜ್ಯೇಷ್ಠತೆ. ಅಮೆರಿಕದ ವಿಮಾನ ಕಂಪನಿಗಳಲ್ಲಿ ಪೈಲಟ್‌ಗಳು, ಗಗನಸಖಿಯರು ದಶಕಗಳಿಂದ ಹೀಗೆಯೇ ತಿಂಗಳ ಡ್ಯೂಟಿಗೆ ಬಿಡ್ ಹಾಕುತ್ತ ಬಂದಿದ್ದಾರೆ. ನಮ್ಮಲ್ಲೂ ಇದೆ. ಕರ್ನಾಟಕದ ಸಾರಿಗೆ ನಿಗಮಗಳ ಡಿಪೊಗಳಲ್ಲಿ ಚಾಲಕ, ನಿರ್ವಾಹಕರಿಗೆ ಮಾರ್ಗ ಹಂಚಲು ಕೌನ್ಸೆಲಿಂಗ್ ಪದ್ಧತಿ ಬಂದದ್ದನ್ನು ನೆನೆಯಿರಿ. ಯಾವ ಡ್ಯೂಟಿಗೆ ಯಾರನ್ನು ಹಾಕುವುದು ಎಂಬುದು ಒಬ್ಬರ ಕೈಯಲ್ಲಿದ್ದಾಗ ಅದಕ್ಕೊಂದು ಬೆಲೆ ಇರುತ್ತಿತ್ತು, ಅದು ಎಷ್ಟೆಂದು ಡಿಪೊದಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಜ್ಯೇಷ್ಠತೆಯ ಪ್ರಕಾರ ಹೆಸರು ಕರೆದು, ಉಳಿದಿರುವ ಶೆಡ್ಯೂಲ್‌ಗಳನ್ನು ಎಲ್ಲರೆದುರಿಗೇ ತೋರಿಸಿದಾಗ ಆ ವ್ಯವಹಾರಕ್ಕೆ ಜಾಗ ಕಡಿಮೆಯಾಗುತ್ತದೆ. ಹಳಬರು ಜನರಲ್ ಶಿಫ್ಟ್ ಹಿಡಿದುಕೊಂಡು ಹೊಸಬರಿಗೆ ನೈಟ್ ಔಟ್ ಬಿಡುತ್ತಾರೆ ಎಂಬ ದೂರು ಇದ್ದೇ ಇದೆ. ಆದರೂ ಹೊಸಬನಿಗೆ ತನ್ನ ಸರದಿ ಯಾವತ್ತಾದರೂ ಬರುತ್ತದೆ ಎಂಬ ಖಾತ್ರಿ ಇರುತ್ತದೆ.

ಕಾಲ್‌ಸೆಂಟರ್‌ನಲ್ಲಿ ಜ್ಯೇಷ್ಠತೆ ನಡೆಯುವುದು ಕಷ್ಟ. ಎರಡು ವರ್ಷ ಇದ್ದವರೇ ಅಲ್ಲಿ ಹಿರಿಯರು. ಹಾಗಾಗಿ ಬಹಳ ಕಡೆ ಕೆಲಸದ ಅಂಕಗಳ ಮೇಲೆ ರ‍್ಯಾಂಕ್ ಕಟ್ಟುತ್ತಾರೆ: ಕರೆಗೆ ಸರಾಸರಿ ಎಷ್ಟು ಹೊತ್ತು ತೆಗೆದುಕೊಂಡಿರಿ, ಕ್ವಾಲಿಟಿಯವರು ಎಷ್ಟು ಅಂಕ ಕೊಟ್ಟರು, ಗಿರಾಕಿ ಎಷ್ಟು ಸ್ಟಾರ್ ಒತ್ತಿದ, ಎಷ್ಟು ದಿನ ತಡವಾಗಿ ಲಾಗಿನ್ ಆದಿರಿ. ಚೆನ್ನಾಗಿ ಕೆಲಸ ಮಾಡಿದವರಿಗೆ ಒಳ್ಳೆಯ ಶಿಫ್ಟ್. ಕೇಳಿದರೆ ನ್ಯಾಯವೆನಿಸುತ್ತದೆ. ನನಗೆ ಇದರ ಬಗ್ಗೆಯೇ ಹೆಚ್ಚು ಅನುಮಾನ. ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟವನ ಅಂಕ ಇಳಿಯುತ್ತದೆ. ಅಂಕ ಇಳಿದದ್ದಕ್ಕೆ ಮುಂದಿನ ತಿಂಗಳೂ ರಾತ್ರಿ ಪಾಳಿಯೇ ಉಳಿಯುತ್ತದೆ. ಬಾವಿಗೆ ಬಿದ್ದವನನ್ನು ಮೇಲೆ ಬಂದರೆ ಹಗ್ಗ ಕೊಡುತ್ತೇವೆ ಎಂದ ಹಾಗಾಯಿತು. ವಿಶ್ರಾಂತಿ ಸಿಕ್ಕರೆ ಕೆಲಸ ಸುಧಾರಿಸೀತು. ಇಲ್ಲಿ ಕೆಲಸ ಸುಧಾರಿಸಿದರೆ ಮಾತ್ರ ವಿಶ್ರಾಂತಿ.

ಇದೇ ಪದ್ಧತಿಯ ಹರಿತವಾದ ರೂಪ ಊಟ ತಲುಪಿಸುವ ಆ್ಯಪ್‌ಗಳಲ್ಲಿದೆ. ಪುಣೆಯ ರಸ್ತೆಗಳಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಓಡುವ ಹುಡುಗರು ಬೇಕಾದ ಹೊತ್ತಿಗೆ ಕೆಲಸ ಮಾಡಬಹುದು ಎಂಬುದು ಜಾಹೀರಾತಿನ ಮಾತು. ಎಷ್ಟೋ ಕಡೆ ಮೊದಲೇ ಸ್ಲಾಟ್ ಬುಕ್ ಮಾಡಬೇಕು, ಮೇಲಿನ ಶ್ರೇಣಿಯವರಿಗೆ ಆ ಬುಕಿಂಗ್ ಮೊದಲು ತೆರೆಯುತ್ತದೆ. ಕೆಳಗಿನವರ ಸರದಿ ಬರುವ ಹೊತ್ತಿಗೆ ರಾತ್ರಿ ಎಂಟರ ಊಟದ ಸ್ಲಾಟುಗಳು ಖಾಲಿ.

ಇದಕ್ಕೆ ಮದ್ದು ಇಲ್ಲದಿಲ್ಲ. ಈ ತಿಂಗಳು ಕೊನೆಯಲ್ಲಿದ್ದವರು ಮುಂದಿನ ತಿಂಗಳು ಮೊದಲು ಎಂದು ಸರದಿ ತಿರುಗಿಸಬಹುದು. ಎಲ್ಲರಿಗೂ ಸಮನಾಗಿ ಪಾಯಿಂಟ್ ಕೊಟ್ಟು, ಭಾನುವಾರಕ್ಕೆ ಹೆಚ್ಚು, ಮಂಗಳವಾರಕ್ಕೆ ಕಡಿಮೆ ಎಂದು ಬೆಲೆ ಕಟ್ಟಬಹುದು. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ನರ್ಸ್‌ಗಳು ತಮ್ಮ ಪಾಳಿಯನ್ನು ತಾವೇ ಗೊತ್ತುಮಾಡಿಕೊಳ್ಳಲು ಶುರುಮಾಡಿದ್ದು 1960ರ ದಶಕದಲ್ಲಿ, ಇಂಥ ಯಾವ ಸಾಫ್ಟ್‌ವೇರೂ ಇಲ್ಲದೆ.

ಯಂತ್ರ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುವ ಜಾಗವೊಂದಿದೆ, ಅದು ಸ್ವ್ಯಾಪ್. ನನ್ನ ಸೋಮವಾರ ನಿನಗೆ, ನಿನ್ನ ಗುರುವಾರ ನನಗೆ. ಹಿಂದೆ ಇದಕ್ಕೆ ಇಬ್ಬರೂ ಟಿಎಲ್ ಮುಂದೆ ನಿಂತು ಹಲ್ಲುಗಿಂಜಬೇಕಿತ್ತು. ಈಗ ಇಬ್ಬರೂ ಒಂದೇ ಕೆಲಸ ಬಲ್ಲವರೇ, ವಾರದ ಗಂಟೆಗಳು ಮೀರುತ್ತವೆಯೇ, ಎರಡು ಶಿಫ್ಟ್‌ಗಳ ನಡುವೆ ಸಾಕಷ್ಟು ಅಂತರವಿದೆಯೇ ಎಂದು ಸಾಫ್ಟ್‌ವೇರ್ ಕ್ಷಣದಲ್ಲಿ ನೋಡಿ ಒಪ್ಪಿಗೆ ಕೊಡುತ್ತದೆ. ಪುಣೆಯಂಥ ಊರಿನಲ್ಲಿ ಇದು ಚೆನ್ನಾಗಿ ನಡೆಯಲು ಕಾರಣವಿದೆ. ಎಲ್ಲರಿಗೂ ಒಂದೇ ದಿನ ಬೇಕಾದರೆ ಅದಲು ಬದಲು ಸಾಧ್ಯವಿಲ್ಲ. ಬೇರೆ ಬೇರೆ ದಿನ ಬೇಕಾದರೆ ಸಾಧ್ಯ. ಊರಿನವರಿಗೆ ಅನಂತ ಚತುರ್ದಶಿ ಬೇಕು, ಗಣಪತಿ ಮೆರವಣಿಗೆ ಮರುದಿನದವರೆಗೂ ನಡೆಯುವುದರಿಂದ ಅದರ ನಂತರದ ದಿನವೂ ಬೇಕು. ಕೇರಳದವರಿಗೆ ಓಣಂ, ಬಿಹಾರದವರಿಗೆ ಛಠ್. ಐಟಿ ದಿಂಡಿ ಎಂದು ಆಳಂದಿಯಿಂದ ಪಾಲಖಿಯ ಜತೆ ನಡೆಯುವವರಿಗೆ ಆಷಾಢಕ್ಕೆ ಮೊದಲಿನ ಒಂದು ದಿನ. ವಿಜಯಪುರ, ಕಲಬುರಗಿ ಕಡೆಯವನು ಎಳ್ಳಮಾವಾಸ್ಯೆ ಕೇಳುತ್ತಾನೆ, ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಆ ದಿನವನ್ನು ಬೇರೆ ಯಾರು ಕೇಳುತ್ತಾರೆ ಎಂದು ಆತ ನಿಶ್ಚಿಂತೆಯಿಂದ ಇದ್ದರೆ, ಪಕ್ಕದ ಕುರ್ಚಿಯ ಲಾತೂರಿನವನು ವೇಳ್ ಅಮಾವಾಸ್ಯೆ ಎಂದು ಅದೇ ದಿನಕ್ಕೆ ಕೈ ಹಾಕಿರುತ್ತಾನೆ. ಗಡಿ ಎಲ್ಲಿ ಎಳೆದರೂ ಜೋಳದ ಹೊಲದ ಹಬ್ಬ ಒಂದೇ.

ಸ್ವ್ಯಾಪ್ ಆಯಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಕ್ಯಾಬ್ ಬರಬೇಕಲ್ಲ. ಟ್ರಾನ್ಸ್‌ಪೋರ್ಟ್ ವಿಭಾಗಕ್ಕೆ ಇಷ್ಟು ಗಂಟೆಯೊಳಗೆ ತಿಳಿಸಬೇಕೆಂಬ ಕಟ್‌ಆಫ್ ಇರುತ್ತದೆ. ಅದು ಮೀರಿದ ಮೇಲೆ ಬದಲಿಸಿಕೊಂಡರೆ ಶಿಫ್ಟ್ ನಿಮ್ಮದು, ದಾರಿ ನಿಮ್ಮದು. ಗಂಡು ಹುಡುಗರು ಬೈಕ್ ಹತ್ತುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಅಷ್ಟು ಹಗುರವಲ್ಲ, ಅದಕ್ಕೆ ಚರಿತ್ರೆಯಿದೆ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಕಾಲ್‌ಸೆಂಟರ್ ಉದ್ಯೋಗಿಯ ಕೊಲೆಯಾಯಿತು. 2007ರ ನವೆಂಬರ್ 1ರ ರಾತ್ರಿ ಪುಣೆಯಲ್ಲಿ ಅಂಥದೇ ಘಟನೆ. ಕಂಪನಿಗಾಗಿ ಓಡುತ್ತಿದ್ದ ಕ್ಯಾಬಿನ ಚಾಲಕ ಮತ್ತು ಅವನ ಗೆಳೆಯನಿಗೆ ಶಿಕ್ಷೆಯಾಯಿತು. ಕ್ಯಾಬಿನಲ್ಲಿ ಗಾರ್ಡ್, ರಾತ್ರಿ ಒಂಟಿ ಮಹಿಳೆಗೆ ಮೊದಲ ಪಿಕಪ್ ಅಥವಾ ಕೊನೆಯ ಡ್ರಾಪ್ ಇಲ್ಲ ಎಂಬ ನಿಯಮಗಳ ಹಿಂದೆ ಇಂಥ ಸಾವುಗಳಿವೆ. ಫೋನಿನಲ್ಲಿ ಒಂದು ಸ್ವ್ಯಾಪ್ ಒತ್ತಿದಾಗ ಈ ಇಡೀ ಸರಪಣಿ ಮರುಜೋಡಣೆಯಾಗಬೇಕು.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ ರಾತ್ರಿ 9.30ರಿಂದ ಬೆಳಿಗ್ಗೆ 7ರವರೆಗೆ ಮಹಿಳೆಯರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ರಕ್ಷಣೆ ಮತ್ತು ಸಾರಿಗೆಯ ಏರ್ಪಾಟು ಬೇಕು. ಬಿಡ್ಡಿಂಗ್ ಇರುವಲ್ಲಿ ಈ ಒಪ್ಪಿಗೆಗೆ ಏನಾಗುತ್ತದೆ ಎಂಬುದು ಯೋಚಿಸಬೇಕಾದ ವಿಷಯ. ಹಗಲಿನ ಸಾಲುಗಳೆಲ್ಲ ಮುಗಿದ ಮೇಲೆ ಸರದಿ ಬಂದ ಹುಡುಗಿ ರಾತ್ರಿ ಸಾಲನ್ನು ಒತ್ತಿದರೆ ದಾಖಲೆಯಲ್ಲಿ ಅದು ಅವಳೇ ಆರಿಸಿದ್ದು. ಬೇಡವೆನ್ನುವ ಬಟನ್ ಇದ್ದು, ಅದನ್ನು ಒತ್ತಿದರೂ ನೌಕರಿ ಉಳಿಯುವ ಹಾಗಿದ್ದರೆ ಮಾತ್ರ ಅದನ್ನು ಒಪ್ಪಿಗೆ ಎನ್ನಬಹುದು. ಅದೇ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದಿನದ ಮಿತಿಯನ್ನು 10ಕ್ಕೆ ಏರಿಸಲು ಒಪ್ಪಿತು. ಸಾಫ್ಟ್‌ವೇರಿಗೆ ಅದು ಸೆಟ್ಟಿಂಗ್ಸ್‌ನಲ್ಲಿ ಬದಲಿಸುವ ಒಂದು ಅಂಕಿ.

ಪುಣೆ ಸುತ್ತಿನ ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಈ ಆಯ್ಕೆಯ ಮಾತೇ ಕಡಿಮೆ. ಅಲ್ಲಿ ಫಸ್ಟ್, ಸೆಕೆಂಡ್, ಥರ್ಡ್ ಶಿಫ್ಟ್ ವಾರ ವಾರ ತಿರುಗುತ್ತವೆ. 1948ರ ಕಾರ್ಖಾನೆಗಳ ಕಾಯ್ದೆ ಕೆಲಸದ ಅವಧಿಯ ನೋಟಿಸನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದಿತ್ತು. ಮಹಿಳೆಯರ ಪಾಳಿ ಬದಲಿಸುವುದಾದರೆ ವಾರದ ರಜೆ ಅಥವಾ ಬೇರೆ ರಜೆ ಆದ ಮೇಲೆಯೇ ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆ ಲೀನವಾಗಿದೆ. ಇನ್ನು ವಿಮಾನಯಾನದತ್ತ ನೋಡಿ: ವಿಶ್ರಾಂತಿಯ ನಿಯಮ ಬಿಗಿಯಾದಾಗ ಜನ ಸಾಲದಿದ್ದರೆ ರೋಸ್ಟರ್ ಏನಾಗುತ್ತದೆ ಎಂಬುದನ್ನು ಇಡೀ ದೇಶ 2025ರ ಡಿಸೆಂಬರ್ ಮೊದಲ ವಾರ ನೋಡಿತು. ಪೈಲಟ್‌ಗಳ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತ್ತು, ಇಂಡಿಗೊ ಸಾಲುಸಾಲಾಗಿ ವಿಮಾನ ರದ್ದು ಮಾಡಿತು, ಪುಣೆಯ ನಿಲ್ದಾಣದಲ್ಲೂ ಜನ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದರು.

ನೌಕರರಿಗೆ ಶಿಫ್ಟ್ ಮೇಲೆ ಹಿಡಿತ ಕೊಟ್ಟರೆ ವ್ಯಾಪಾರ ಕೆಡುತ್ತದೆ ಎಂಬ ಭಯಕ್ಕೆ ಒಂದು ಉತ್ತರ ಸಿಕ್ಕಿದೆ. ಅಮೆರಿಕದ ಗ್ಯಾಪ್ ಬಟ್ಟೆ ಅಂಗಡಿಗಳ ಪೈಕಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಪ್ರದೇಶದ 28 ಅಂಗಡಿಗಳಲ್ಲಿ ವಿಶ್ವವಿದ್ಯಾಲಯದವರು ಪ್ರಯೋಗ ನಡೆಸಿ 2018ರಲ್ಲಿ ವರದಿ ಕೊಟ್ಟರು. ನಿಶ್ಚಿತ ವೇಳೆ, ಫೋನಿನಲ್ಲೇ ಸ್ವ್ಯಾಪ್ ಮಾಡುವ ಆ್ಯಪ್ ಮೊದಲಾದವನ್ನು ಕೊಟ್ಟ ಅಂಗಡಿಗಳಲ್ಲಿ ಮಾರಾಟ ಶೇ 7ರಷ್ಟು ಹೆಚ್ಚಿತ್ತು. ಬಟ್ಟೆ ಅಂಗಡಿಯ ಲೆಕ್ಕ ಕಾಲ್‌ಸೆಂಟರಿಗೆ ಹಾಗೇ ಹೊಂದುತ್ತದೆಂದು ನಾನು ಹೇಳಲಾರೆ, ಆದರೆ ಭಯಪಡುವ ಮ್ಯಾನೇಜರುಗಳ ಹತ್ತಿರ ಅಷ್ಟೂ ಪುರಾವೆ ಇಲ್ಲ.

ಸರದಿ ಕಟ್ಟುವ ಲೆಕ್ಕವನ್ನು ಕೆಲಸಗಾರರಿಗೆ ತಿಳಿಸಬೇಕು ಎಂಬ ಮಾತು ನಮ್ಮ ರಾಜ್ಯದಲ್ಲಿ ಒಂದು ವರ್ಗಕ್ಕಂತೂ ಕಾನೂನಾಗಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಿದ್ದು ಸುದ್ದಿಯಾಯಿತು. ಕೆಲಸ ಹಂಚುವ, ಅಂಕ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕಂಪನಿ ತಿಳಿಸಬೇಕೆಂಬ ಭಾಗ ಅಷ್ಟು ಚರ್ಚೆಯಾಗಲಿಲ್ಲ. ಬೆಂಗಳೂರಿನ ಡೆಲಿವರಿ ಹುಡುಗ ಈ ಹಕ್ಕು ಕೇಳಬಹುದು. ಹಿಂಜವಡಿಯ ಏಸಿ ಕಟ್ಟಡದಲ್ಲಿ ಕುಳಿತ ಅವನ ಅಕ್ಕ ಈ ಕಾಯ್ದೆಯ ಹೆಸರಿನಲ್ಲಿ ಕೇಳುವ ಹಾಗಿಲ್ಲ, ಆಕೆ ಗಿಗ್ ಕಾರ್ಮಿಕಳೂ ಅಲ್ಲ, ಕರ್ನಾಟಕದಲ್ಲಿಯೂ ಇಲ್ಲ.

ಹಾಗೆಂದು ಮಾಹಿತಿ ಇಲ್ಲವೆಂದಲ್ಲ. ಯಾರು ಯಾವ ಸಾಲು ಕೇಳಿದರು, ಯಾರಿಗೆ ಎಷ್ಟನೇ ಆಯ್ಕೆ ಸಿಕ್ಕಿತು ಎಂಬುದೆಲ್ಲ ಸಾಫ್ಟ್‌ವೇರಿನೊಳಗೆ ದಾಖಲಾಗಿರುತ್ತದೆ. ನೌಕರರಿಗೆ ತೋರಿಸುವುದು, ಬಿಡುವುದು ಆಡಳಿತದವರ ಇಷ್ಟ. ವಿಂಡೊ ಮುಚ್ಚಿದ ಮರುದಿನ ಎಚ್‌ಆರ್‌ಗೆ ಮೂರು ಪ್ರಶ್ನೆ ಕೇಳಬಹುದು. ಈ ಸಲ ನನ್ನ ರ‍್ಯಾಂಕ್ ಎಷ್ಟು? ಅದಕ್ಕೆ ಯಾವ ತಿಂಗಳ ಯಾವ ಅಂಕಗಳನ್ನು ಹಿಡಿದಿರಿ? ನಾನು ಮೊದಲು ಕೇಳಿದ ಸಾಲು ಎಷ್ಟನೇ ರ‍್ಯಾಂಕಿನವರಿಗೆ ಹೋಯಿತು? ಇಮೇಲ್‌ನಲ್ಲೇ ಕೇಳಬೇಕು. ಬಾಯಲ್ಲಿ ಕೇಳಿದರೆ, ಸಿಸ್ಟಮ್ ಹಾಗೆ ಹಾಕಿದೆ ಎಂದು ಹೇಳಿ ಕಳಿಸುತ್ತಾರೆ.